ಕಾಡಿಗೆ ಹೋಗಬೇಡಿ ಎಂದವರು ಕೂಲಿ ಕೊಡುತ್ತಾರೆಯೇ?

2025ರ ಜನವರಿ 6ರಂದು ಬೆಂಗಳೂರಿನ ಎರಡು ಹಸುಗೂಸುಗಳಿಗೆ ಎಚ್‌ಎಂಪಿವಿ ಸೋಂಕು ತಗುಲಿದೆ ಎಂದು ಐಸಿಎಂಆರ್ ಖಚಿತಪಡಿಸಿತು. ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು. ಅಂದು ಷೇರುಪೇಟೆ ಮುಚ್ಚುವ ಹೊತ್ತಿಗೆ ಸೆನ್ಸೆಕ್ಸ್ 1,200 ಅಂಶಕ್ಕೂ ಹೆಚ್ಚು ಬಿದ್ದಿತ್ತು. ಬೇರೆ ಕಾರಣಗಳೂ ಇದ್ದವು, ಆದರೆ ಆ ದಿನದ ಬಹುತೇಕ ವರದಿಗಳಲ್ಲಿ ವೈರಸ್ಸಿನ ಹೆಸರಿತ್ತು. ಟಿ.ವಿ.ಗಳಲ್ಲಿ ಮತ್ತೆ ಮಾಸ್ಕಿನ ಮಾತು, ಮತ್ತೆ ಚೀನಾದ ಆಸ್ಪತ್ರೆಗಳ ದೃಶ್ಯ. ಅಸಲಿಗೆ ಈ ವೈರಸ್ಸನ್ನು ನೆದರ್ಲೆಂಡ್ಸ್‌ನ ವಿಜ್ಞಾನಿಗಳು 2001ರಲ್ಲೇ ಗುರುತಿಸಿದ್ದರು. ಅದಕ್ಕೂ ಬಹಳ ಮೊದಲಿನಿಂದ ಅದು ಜಗತ್ತಿನ ಮಕ್ಕಳಿಗೆಲ್ಲ ನೆಗಡಿ, ಕೆಮ್ಮು ಹಚ್ಚುತ್ತಲೇ ಇತ್ತು. ಕೆಲವೇ ವಾರಗಳಲ್ಲಿ ಸುದ್ದಿ ತಣ್ಣಗಾಯಿತು.

ಅದೇ ಚಳಿಗಾಲದಲ್ಲಿ ಮಲೆನಾಡಿನಲ್ಲಿ ಬೇರೊಂದು ವೈರಸ್ಸಿನ ಹಂಗಾಮು ನಡೆದಿತ್ತು. ಮಂಗನ ಕಾಯಿಲೆಗೆ ಸೆನ್ಸೆಕ್ಸ್ ಬೀಳುವುದಿಲ್ಲ. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಯುವತಿಯೊಬ್ಬಳು ಇದೇ ಕಾಯಿಲೆಯಿಂದ ತೀರಿಕೊಂಡಾಗ ರಾಜಧಾನಿಯಲ್ಲಿ ಎಷ್ಟು ಜನ ಆ ಸುದ್ದಿ ಓದಿದರೋ! ಜಿಲ್ಲೆಯ ಪುಟದಲ್ಲಿ ಬಂದು ಜಿಲ್ಲೆಯ ಪುಟದಲ್ಲೇ ಮುಗಿದುಹೋಗುವ ಸಾವು ಇದು.

ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ‘ಜನ ಬೇಡದ್ದಕ್ಕೆ ಹೆದರುತ್ತಾರೆ, ಬೇಕಾದ್ದಕ್ಕೆ ಹೆದರುವುದಿಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಜನರ ಆತಂಕದಲ್ಲಿ ಲೆಕ್ಕಾಚಾರ ಇರುತ್ತದೆ. ಹೊಸ ರೋಗ ಬಂದಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಸಾಯುತ್ತೇವೆಯೇ ಎಂಬುದಷ್ಟೇ ಅಲ್ಲ. ನಾಳೆ ಕೆಲಸಕ್ಕೆ ಹೋಗಬಹುದೇ, ಶಾಲೆ ಇರುತ್ತದೆಯೇ, ತಿಂಗಳ ಸಂಘದ ಕಂತು ಹೇಗೆ ಕಟ್ಟುವುದು ಎಂಬುದೂ ಅಷ್ಟೇ ಜೋರಾಗಿ ಏಳುತ್ತದೆ. ಸರ್ಕಾರದ ಪ್ರಕಟಣೆಗಳು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತವೆ, ಅದೂ ‘ಆತಂಕ ಬೇಡ, ಎಚ್ಚರ ಇರಲಿ’ ಎಂದು. ಎಚ್ಚರವಾಗಿರಲು ಆಗುವ ಖರ್ಚು ಯಾರದು ಎಂಬ ಸಾಲು ಆ ಪ್ರಕಟಣೆಯಲ್ಲಿ ಇರುವುದೇ ಇಲ್ಲ.

1957ರಲ್ಲಿ ಮಂಗನ ಕಾಯಿಲೆಯೂ ಜಗತ್ತಿಗೆ ಹೊಸದೇ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮುಸುವ, ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಧಾವಿಸಿ ಬಂತು. ಅವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದಲ್ಲಿ ಆ ಜ್ವರ ಬಂದಾಗ ಮಂಗಗಳು ಹೀಗೆಯೇ ಸಾಯುತ್ತಿದ್ದವು. ಅದನ್ನು ಹರಡಬಲ್ಲ ಸೊಳ್ಳೆ ಭಾರತದಲ್ಲಿ ಬೇಕಾದಷ್ಟಿತ್ತು, ಹಳದಿ ಜ್ವರ ಮಾತ್ರ ಎಂದೂ ಏಷ್ಯಾಕ್ಕೆ ಕಾಲಿಟ್ಟಿರಲಿಲ್ಲ. ಅನುಮಾನ ನಿಜವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದೂ ಕಷ್ಟ. ಪರೀಕ್ಷೆ ಮಾಡಿ ನೋಡಿದರೆ ಅದು ಸೊಳ್ಳೆಯ ರೋಗವಲ್ಲ, ಉಣುಗಿನದು. ರಷ್ಯಾದ ಕಾಡುಗಳ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಮಂಗ ಇಲ್ಲಿ ರೋಗದ ಮೂಲವಲ್ಲ, ಮನುಷ್ಯನ ಹಾಗೆ ಅದೂ ಬಲಿಪಶು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದೂ ಇಲ್ಲ.

ಈ ರೋಗ ಸುಮ್ಮನೆ ಹುಟ್ಟಿಕೊಂಡಿತೇ? ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್ 1969ರಲ್ಲಿ ಕೊಟ್ಟ ವಿವರಣೆ ಇವತ್ತಿಗೂ ಓದಲು ಯೋಗ್ಯ. ಕಾಡಿನಲ್ಲಿ ಎಲೆಮರೆಯಾಗಿದ್ದ ವೈರಸ್ಸದು. ಕಾಡು ಕಡಿದು ಸಾಗುವಳಿ ಹೆಚ್ಚಿತು, ದನಗಳು ಕಾಡಿನಂಚಿನಲ್ಲಿ ಮೇಯತೊಡಗಿದವು, ಬೆಳೆದ ಉಣುಗುಗಳಿಗೆ ದನದ ಮೈಯಲ್ಲಿ ಹೊಟ್ಟೆತುಂಬ ರಕ್ತ ಸಿಕ್ಕಿತು, ಅವುಗಳ ಸಂತತಿ ಏರಿತು. ಅಂದರೆ ಈ ವೈರಸ್ಸು ಊರಿಗೆ ಬಂದ ದಾರಿಯನ್ನು ಕಡಿದದ್ದು ಮನುಷ್ಯರೇ. ಆಮೇಲೆ ಅದು ಅಲ್ಲೇ ನಿಲ್ಲಲಿಲ್ಲ. ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಎನ್ನುತ್ತ ಸಾಗಿ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ಹೋಯಿತು.

ಈಗ ಆರೋಗ್ಯ ಇಲಾಖೆಯ ಸಲಹೆಗೆ ಬರೋಣ. ಡಿಸೆಂಬರಿನಿಂದ ಮೇ ತನಕ ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ, ಉಣುಗು ಹತ್ತದಂತೆ ತೈಲ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ವಿಜ್ಞಾನದ ಕಡೆಯಿಂದ ಇದರಲ್ಲಿ ತಪ್ಪು ಹುಡುಕಲಾಗದು. ಉಣುಗಿನ ಮರಿಗಳು ನೆಲದ ಒಣ ಎಲೆಯಲ್ಲಿ ಮುತ್ತಿಕೊಳ್ಳುವ ಕಾಲವೇ ಅದು. ಆದರೆ ಮಲೆನಾಡಿನ ಅಡಿಕೆ ತೋಟದ ಕ್ಯಾಲೆಂಡರನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡಿ. ಕೊನೆ ಕೊಯ್ಲು ಮುಗಿಯುತ್ತ ಬಂದಂತೆ ದರಕಿನ, ಎಂದರೆ ಉದುರಿದ ಒಣ ಎಲೆಯ, ಕೆಲಸ ಶುರು. ಎಲೆ ಉದುರಿ ಒಣಗುವ ಜನವರಿ, ಫೆಬ್ರುವರಿ, ಮಾರ್ಚಿನಲ್ಲೇ ಸೊಪ್ಪಿನಬೆಟ್ಟದಲ್ಲಿ ದರಕು ಗುಡಿಸಿ, ಹೆಡಿಗೆಗೆ ತುಂಬಿ, ತಲೆಮೇಲೆ ಹೊತ್ತು ಕೊಟ್ಟಿಗೆಗೆ ತರಬೇಕು. ಅದು ದನದ ಕಾಲಡಿ ಹಾಸಾಗಿ, ಸಗಣಿ ಬೆರೆತು ಗೊಬ್ಬರವಾಗಿ, ಮುಂದಿನ ಮಳೆಗಾಲಕ್ಕೆ ತೋಟಕ್ಕೆ ಹೋಗಬೇಕು. ಮಳೆ ಬಿದ್ದ ಮೇಲೆ ದರಕು ಕೊಳೆಯುತ್ತದೆ, ಸಿಗುವುದಿಲ್ಲ. ಸೌದೆಯ ಕಥೆಯೂ ಇದೇ. ವೈರಸ್ಸಿನ ಹಂಗಾಮು, ದುಡಿಮೆಯ ಹಂಗಾಮು ಎರಡೂ ಒಂದೇ.

ದರಕು ಗುಡಿಸುವವರಲ್ಲಿ ಹೆಚ್ಚಿನವರು ಕೂಲಿಗೆ ಬರುವ ಹೆಂಗಸರು. ತೋಟದ ಯಜಮಾನರು ಒಂದು ವರ್ಷ ಗೊಬ್ಬರ ಕೊಂಡು ಹಾಕಿ ಸುಧಾರಿಸಿಕೊಂಡಾರು. ಆ ಹೆಂಗಸರಿಗೆ ಆ ಮೂರು ತಿಂಗಳ ಕೂಲಿ ಹೋದರೆ ಹೋಯಿತು. ಅವರಿಗೆ ಕೊಡುವ ತೈಲದ ಬಗ್ಗೆಯೂ ಒಂದು ಮಾತು. ಬಿಸಿಲಲ್ಲಿ ಬೆವರುತ್ತ ಕೆಲಸ ಮಾಡುವ ಮೈಗೆ ಅದು ಅಂಟು, ಕೆಲವರಿಗೆ ಉರಿ. ಬೆವರಿದಂತೆ ಮತ್ತೆ ಮತ್ತೆ ಹಚ್ಚಬೇಕು. ‘ಜನ ತೈಲ ಹಚ್ಚಿಕೊಳ್ಳುವುದಿಲ್ಲ’ ಎಂದು ದೂರುವ ಅಧಿಕಾರಿಗಳು ಅದನ್ನು ಹಚ್ಚಿಕೊಂಡು ಮಧ್ಯಾಹ್ನದವರೆಗೆ ಒಮ್ಮೆ ಬೆಟ್ಟ ಗುಡಿಸಿ ನೋಡಬೇಕು.

2018ರ ಕೊನೆ, 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಒಂದರ ಮೇಲೊಂದು ಸಾವು ಸಂಭವಿಸಿದಾಗ ಇದೆಲ್ಲ ಒಟ್ಟಿಗೇ ಕಂಡಿತು. ಶರಾವತಿ ಕಣಿವೆಯ ಆ ಹಳ್ಳಿಗಳಿಂದ ಜ್ವರ ಬಂದವರನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ಯಬೇಕಿತ್ತು. ಚಿಕಿತ್ಸೆಯ ವೆಚ್ಚ ಭರಿಸುವುದಾಗಿ ಸರ್ಕಾರ ಹೇಳಿದ್ದು ಒಳ್ಳೆಯದೇ, ಆದರೆ ರೋಗಿಯ ಜೊತೆ ಹೋದವರ ಊಟ, ಬಸ್ಸು, ತಪ್ಪಿದ ಕೂಲಿ ಯಾವ ಆದೇಶದಲ್ಲೂ ಬರಲಿಲ್ಲ. ಕೆಲವರು ಮನೆಗೆ ಬೀಗ ಹಾಕಿ ನೆಂಟರ ಊರಿಗೆ ಹೊರಟರು. ಹೋಗಲು ನೆಂಟರಿಲ್ಲದವರು ಉಳಿದರು. ಇದನ್ನು ಭೀತಿ ಎನ್ನುವುದಾದರೆ ಅನ್ನಲಿ. ನನ್ನ ಕಣ್ಣಿಗೆ ಅದು ಕೈಯಲ್ಲಿದ್ದ ಒಂದೇ ಉಪಾಯವನ್ನು ಬಳಸಿದ ಹಾಗೆ ಕಾಣುತ್ತದೆ.

ಲಸಿಕೆ ಇತ್ತಲ್ಲ ಎನ್ನಬಹುದು. 1990ರಿಂದ ಇದ್ದ ಲಸಿಕೆಯ ಪರಿಣಾಮವನ್ನು 2005ರಿಂದ 2010ರ ಅವಧಿಯ ದಾಖಲೆಗಳಿಂದ ಅಳೆದಾಗ ಎರಡು ಡೋಸ್ ಪಡೆದವರಿಗೆ ಶೇ 62ರಷ್ಟು, ಬೂಸ್ಟರ್ ಕೂಡ ಪಡೆದವರಿಗೆ ಶೇ 83ರಷ್ಟು ರಕ್ಷಣೆ ಸಿಕ್ಕಿದ್ದು ಕಂಡುಬಂತು. ಲಸಿಕೆ ನೋಯುತ್ತಿತ್ತು, ಪದೇ ಪದೇ ಹಾಕಿಸಿಕೊಳ್ಳಬೇಕಿತ್ತು. ಆ ಲಸಿಕೆಯನ್ನೂ ಈಗ ನಿಲ್ಲಿಸಲಾಗಿದೆ. ಐಸಿಎಂಆರ್ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿದೆ. ಕೋವಿಡ್ ಲಸಿಕೆ ಒಂದು ವರ್ಷದೊಳಗೆ ಬಂದದ್ದನ್ನು ಕಂಡ ಮಲೆನಾಡಿನವರು, ಆರು ದಶಕ ದಾಟಿದ ತಮ್ಮ ರೋಗಕ್ಕೆ ಯಾಕೆ ಇಷ್ಟು ನಿಧಾನ ಎಂದು ಕೇಳಿದರೆ ಮರ್ಯಾದೆಯ ಉತ್ತರ ಸಿಗುವುದಿಲ್ಲ. ಸಾಯುವವರು ಕಡಿಮೆ, ಸಾಯುವವರು ಬಡವರು ಎಂಬುದೇ ಉತ್ತರ.

ಎಚ್ಚರದ ಖರ್ಚು ಯಾರದು ಎಂಬ ಪ್ರಶ್ನೆ ಕೋವಿಡ್ ಕಾಲದಲ್ಲಿ ನಾಡಿಗೆಲ್ಲ ಎದುರಾಯಿತು. 2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ತೀರಿಕೊಂಡ 76 ವರ್ಷದ ವೃದ್ಧರು ದೇಶದ ಮೊದಲ ಕೋವಿಡ್ ಬಲಿ ಎಂದು ಎರಡು ದಿನಗಳ ಬಳಿಕ ತಿಳಿಯಿತು. ವಾರದೊಳಗೆ ಮಾಲ್, ಚಿತ್ರಮಂದಿರ ಮುಚ್ಚಿದವು. ಮದುವೆಗಳು ಮುಂದೂಡಲ್ಪಟ್ಟವು. ಮಾರ್ಚ್ 27ಕ್ಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಹೋಯಿತು. ಕೋಳಿಯಿಂದ ಕೊರೊನಾ ಹರಡುತ್ತದೆಂಬ ಗಾಳಿಮಾತಿಗೆ ಮಾರುಕಟ್ಟೆ ನೆಲಕಚ್ಚಿ, ಗೋಕಾಕ ತಾಲ್ಲೂಕಿನಲ್ಲಿ ಸಾವಿರಾರು ಕೋಳಿಗಳನ್ನು ಗುಂಡಿ ತೋಡಿ ಜೀವಂತ ಹೂತರು. ತಲಪಾಡಿಯಲ್ಲಿ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳನ್ನು ತಡೆದು ನಿಲ್ಲಿಸಿದ್ದು ನಮ್ಮ ರಾಜ್ಯವೇ. ವೈರಸ್ಸಿಗಿಂತ ಗಡಿಯೇ ಅಪಾಯ ಎನಿಸುವಷ್ಟರ ಮಟ್ಟಿಗೆ ಅದು ಹೋಯಿತು.

ಆದರೆ ಆ ಕಾಲದ ಎರಡು ನಿರ್ಧಾರಗಳನ್ನು ಮರೆಯಬಾರದು. ಮೇ 5ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಕಟ್ಟಡ ನಿರ್ಮಾಣ ಉದ್ಯಮಿಗಳನ್ನು ಭೇಟಿಯಾದ ಬೆನ್ನಿಗೇ ವಲಸೆ ಕಾರ್ಮಿಕರ ರೈಲುಗಳನ್ನು ರದ್ದು ಮಾಡುವಂತೆ ರೈಲ್ವೆಗೆ ಪತ್ರ ಹೋಯಿತು. ದೇಶವೇ ಛೀಮಾರಿ ಹಾಕಿದ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಇನ್ನೊಂದು ನಿರ್ಧಾರ ಮರುದಿನ, ಮೇ 6ರದ್ದು. ಅಂದು ಪ್ರಕಟಿಸಿದ 1,610 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಇತ್ತು. ಮೊತ್ತ ಸಣ್ಣದು, ಲಾಕ್‌ಡೌನ್ ಶುರುವಾಗಿ ಆರು ವಾರವಾದ ಮೇಲೆ ಬಂತು. ದಾಖಲೆ ಹೊಂದಿಸಲಾಗದೆ ಅದನ್ನೂ ಕಳೆದುಕೊಂಡವರಿದ್ದರು. ಆದರೂ ಅದರೊಳಗೆ ಒಂದು ತತ್ವವಿತ್ತು: ಜನರ ಆರೋಗ್ಯಕ್ಕಾಗಿ ನಿನ್ನ ಕೆಲಸ ನಿಲ್ಲಿಸಿದ್ದೇವೆ, ಆದ್ದರಿಂದ ನಿನ್ನ ನಷ್ಟದಲ್ಲಿ ನಮಗೂ ಪಾಲಿದೆ. ಸರ್ಕಾರ ಇದನ್ನು ಒಮ್ಮೆ ಒಪ್ಪಿಕೊಂಡಿದೆ ಎಂದಮೇಲೆ ಮಲೆನಾಡಿನ ದರಕಿನ ಕೂಲಿಯವರಿಗೆ ಒಪ್ಪದಿರಲು ಕಾರಣವೇನು?

ಇದಕ್ಕೆ ಬೇಕಾದ ಹಣ ದೊಡ್ಡದಲ್ಲ. ಸತ್ತ ಮಂಗ ಸಿಕ್ಕರೆ ಸುತ್ತಲಿನ 50 ಮೀಟರ್ ಜಾಗಕ್ಕೆ ಮೆಲಾಥಿಯಾನ್ ಪುಡಿ ಉದುರಿಸುವ ಪದ್ಧತಿ ಈಗಾಗಲೇ ಇದೆ. ಎಂದರೆ ಅಪಾಯದ ಜಾಗ ಯಾವುದೆಂದು ಇಲಾಖೆಗೆ ಗೊತ್ತಾಗುತ್ತದೆ. ಆ ಜಾಗದ ಸುತ್ತಲ ಹಳ್ಳಿಗಳಲ್ಲಿ ಕಾಡಿನ ಕೆಲಸ ನಿಲ್ಲಿಸಿದಷ್ಟು ದಿನ ಉದ್ಯೋಗ ಖಾತ್ರಿಯ ಕೂಲಿಯನ್ನು ಊರೊಳಗಿನ ಕೆಲಸಕ್ಕೋ, ಅದು ಇಲ್ಲದಿದ್ದರೆ ನೇರವಾಗಿಯೋ ಕೊಡಬಹುದು. ದರಕಿನ ಬದಲಿಗೆ ಕೊಟ್ಟಿಗೆಗೆ ಹಾಸಲು ಬಯಲುಸೀಮೆಯ ಭತ್ತದ ಹುಲ್ಲನ್ನು ಸೊಸೈಟಿಗಳ ಮೂಲಕ ತರಿಸಬಹುದು. ಇನ್ನೊಂದು ಲಾಭವೂ ಇದೆ. ಸತ್ತ ಮಂಗ ಕಂಡರೆ ಊರಿಗೆ ಕೆಟ್ಟ ಹೆಸರು, ಕೆಲಸ ನಿಲ್ಲುತ್ತದೆ ಎಂದು ಬಾಯಿ ಮುಚ್ಚಿಕೊಳ್ಳುವವರು, ಕೂಲಿ ಖಾತ್ರಿ ಎಂದಾದರೆ ತಾವೇ ಫೋನ್ ಮಾಡಿ ತಿಳಿಸುತ್ತಾರೆ. ಮಂಗನ ಕಾಯಿಲೆಯ ವಿಷಯದಲ್ಲಿ ಒಂದು ವಾರ ಮೊದಲು ಸಿಗುವ ಆ ಸುದ್ದಿಗಿಂತ ದೊಡ್ಡ ಔಷಧ ಸದ್ಯಕ್ಕೆ ನಮ್ಮ ಬಳಿ ಇಲ್ಲ.

ಮಾಡುವುದಾದರೆ ನವೆಂಬರಿಗೆ ಮೊದಲು ಆದೇಶ ಹೊರಡಬೇಕು. ಫೆಬ್ರುವರಿಯಲ್ಲಿ ಸಭೆ ಕರೆದು ಮಾರ್ಚಿನಲ್ಲಿ ಹಣ ಬಿಡುಗಡೆ ಮಾಡುವ ಹೊತ್ತಿಗೆ ದರಕು ಕೊಟ್ಟಿಗೆ ಸೇರಿರುತ್ತದೆ, ಅದರೊಂದಿಗೆ ಉಣುಗೂ.