ಒಪ್ಪಿಗೆಯ ಚೀಟಿ

ಒಂದೂವರೆ ವರ್ಷಕ್ಕೂ ಮಿಕ್ಕಿ ಮುಚ್ಚಿದ್ದ ಒಂದರಿಂದ ಐದನೆಯ ತರಗತಿಗಳು ನಮ್ಮ ನಾಡಿನಲ್ಲಿ ತೆರೆದದ್ದು ೨೦೨೧ರ ಅಕ್ಟೋಬರ್ ೨೫ರಂದು. ಮಗುವನ್ನು ಕಳುಹಿಸಲು ತಂದೆತಾಯಿಗಳ ಲಿಖಿತ ಒಪ್ಪಿಗೆ ಬೇಕಿತ್ತು. ಆ ವಯಸ್ಸಿನವರಿಗೆ ಆಗ ಲಸಿಕೆಯೂ ಇರಲಿಲ್ಲ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಂತಹ ಕಡೆ ದುಡಿಯುವ ದಂಪತಿಗಳಿಗೆ ಆ ಸಹಿ ಸುಲಭದ್ದೇ? ಕಳುಹಿಸಿದರೆ ಸೋಂಕಿನ ಭಯ. ಉಳಿಸಿಕೊಂಡರೆ, ಪಾಳಿಯ ಹೊತ್ತಿನಲ್ಲಿ ಮಗುವನ್ನು ನೋಡುವವರಾರು? ಎಷ್ಟೋ ಮನೆಗಳಿಗೆ ಒಂದೇ ಮೊಬೈಲು, ಅದೂ ದುಡಿಯುವವರ ಕಿಸೆಯಲ್ಲಿ. ಆನ್‌ಲೈನ್ ಪಾಠದ ಮಾತು ಅಲ್ಲಿಗೇ ಮುಗಿಯಿತು!

ಅಂಜಿ ಉಳಿಸಿಕೊಂಡ ತಾಯಿಯನ್ನು ಅಜ್ಞಾನಿ ಎಂದವರುಂಟು, ಕಳುಹಿಸಿದವಳನ್ನು ಕಲ್ಲೆದೆಯವಳೆಂದವರೂ ಉಂಟು. ನಾವು ಇಬ್ಬರನ್ನೂ ದೂರೆವು. ಸಮಾಜವೆಲ್ಲ ಹೊರಬೇಕಾದ ಹೊರೆಯನ್ನು ಒಂದು ಚೀಟಿ ಅವರಿಬ್ಬರ ತಲೆಗೇ ಕಟ್ಟಿತು.

ಆ ಮಕ್ಕಳಲ್ಲಿ ಹಲವರು ಇಂದು ಪ್ರೌಢಶಾಲೆಯಲ್ಲಿದ್ದಾರೆ. ಓದುವಾಗ ತಡವರಿಸುವವರು ನೆರೆಮನೆಯಲ್ಲಿದ್ದರೆ, ಸಂಜೆ ಅರ್ಧ ತಾಸು ನಿಮ್ಮ ಪಡಸಾಲೆಯಲ್ಲಿ ಕೂರಿಸಿಕೊಳ್ಳಿರಿ.