ಒಂದು ತಾಸಿನ ವಿಮಾನ, ಹತ್ತು ತಾಸಿನ ದಾರಿ

ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ ‘ನಿಮ್ಮೂರು ಎಷ್ಟು ದೂರ?’ ಅಂತ ಕೇಳಿದರೆ ನಾನು ಕಿಲೋಮೀಟರ್ ಹೇಳುವುದಿಲ್ಲ. ‘ಒಂದು ರಾತ್ರಿ’ ಅಂತೀನಿ. ಮಸ್ಕಿ, ಸಿಂಧನೂರು, ಲಿಂಗಸುಗೂರು ಯಾವ ಕಡೆಯವರನ್ನು ಕೇಳಿದರೂ ಅದೇ ಲೆಕ್ಕ. ರಾತ್ರಿ ಉಂಡು ಸ್ಲೀಪರ್ ಬಸ್ ಹತ್ತಿದರೆ ಬೆಳಗಿನ ಚಹಾ ಮನೆಯಲ್ಲಿ.

ಆ ಲೆಕ್ಕ ಬಿಟ್ಟು ನಾನೊಮ್ಮೆ ಶ್ಯಾಣ್ಯಾತನ ಮಾಡಿದೆ.

ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ಮಸ್ಕಿಯಿಂದ ಸಿಂಧನೂರಿನ ಆಸ್ಪತ್ರೆಗೆ ಸೇರಿಸಿದ್ದರು. ರಾತ್ರಿ ಎಂಟೂವರೆಗೆ ಲಿಂಗಸುಗೂರಿನ ಅಕ್ಕನ ಫೋನ್: “ನಾಳೆ ಹನ್ನೊಂದಕ್ಕ ಆಪರೇಶನ್ ಅಂತ. ಇಬ್ರೂ ಬರ್ರಿ.” ತಮ್ಮ ಬ್ಯಾಗಿಗೆ ಎರಡು ಅಂಗಿ ತುರುಕಿಕೊಂಡು ಹತ್ತು ಗಂಟೆಯ ಬಸ್ಸಿಗೆ ಓಡಿದ. ನನಗೆ ರಾತ್ರಿಯೇ ಮುಗಿಸಿ ಕೊಡಬೇಕಾದ ಕೆಲಸವಿತ್ತು. ವಿಮಾನ ಹುಡುಕಿದೆ.

ಬೆಂಗಳೂರಿನಿಂದ ಸಿಂಧನೂರಿಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 320 ಕಿ.ಮೀ. ವಿಮಾನಕ್ಕೆ ಒಂದು ತಾಸಿನ ದಾರಿ. ಆದರೆ ಇಳಿಯುವುದೆಲ್ಲಿ, ಭತ್ತದ ಗದ್ದೆಯಲ್ಲೇ? ನಕಾಶೆಯಲ್ಲಿ ಹತ್ತಿರದ್ದು ತೋರಣಗಲ್ಲಿನ ವಿದ್ಯಾನಗರ ನಿಲ್ದಾಣ. ನನಗೆ ಬೇಕಾದ ಹೊತ್ತಿಗೆ ಅಲ್ಲಿಗೆ ವಿಮಾನ ಸಿಗಲಿಲ್ಲ. ಕಲಬುರಗಿಯಲ್ಲಿ 2019ರ ನವೆಂಬರ್‌ನಲ್ಲಿ ವಿಮಾನ ಇಳಿಯಲು ಶುರುವಾಗಿತ್ತು ನಿಜ. ಆದರೆ ಅಲ್ಲಿಗೆ ಹೋಗುವುದೆಂದರೆ ನಮ್ಮೂರನ್ನು ದಾಟಿ ಉತ್ತರಕ್ಕೆ ಹೋಗಿ, ಮತ್ತೆ ದಕ್ಷಿಣಕ್ಕೆ ಬರುವುದು. ಉಳಿದದ್ದು ಹೈದರಾಬಾದ್. ಬೆಳಿಗ್ಗೆ ಆರಕ್ಕೆ ಹೊರಟು ಏಳೂ ಕಾಲಿಗೆ ಇಳಿಯುವ ವಿಮಾನ. ಫೋನ್ ತೋರಿಸಿದ ಆ ಒಂದೂ ಕಾಲು ತಾಸಿಗೆ ನಾನು ಮರುಳಾದೆ.

ರಾತ್ರಿ ಮೂರಕ್ಕೆ ರೂಮು ಬಿಟ್ಟೆ. ದೇವನಹಳ್ಳಿ ಮುಟ್ಟುವುದು, ಚೆಕಿಂಗ್ ಸಾಲು, ಕಾಯುವುದು ಇವಕ್ಕೇ ಮೂರು ತಾಸು. ಶಂಷಾಬಾದ್‌ನಲ್ಲಿ ಟ್ಯಾಕ್ಸಿ ಹತ್ತಿದಾಗ ಎಂಟು ಹತ್ತಿರ. ಅಲ್ಲಿಂದ ಸಿಂಧನೂರು 250 ಕಿ.ಮೀ.ಗೂ ಹೆಚ್ಚು. ಮೆಹಬೂಬ್‌ನಗರ, ಮಕ್ತಲ್ ದಾಟಿ ಕೃಷ್ಣಾ ಸೇತುವೆ ಮೇಲಿದ್ದಾಗ ಅಕ್ಕನ ಫೋನ್ ಬಂತು. “ಒಳಗ ಕರ್ಕೊಂಡು ಹೋದ್ರು. ದೊಡ್ಡಾಂವ ಬಂದನೇನು ಅಂತ ಎರಡು ಸಲ ಕೇಳಿದ ಅಪ್ಪ.”

ಏನು ಹೇಳಲಿ? ಹೊಳೆ ನೋಡುತ್ತ ಕೂತೆ.

ಮುಂದೆ ರಾಯಚೂರು. ಹತ್ತಿರದ ಯರಮರಸ್‌ನಲ್ಲಿ ವಿಮಾನ ನಿಲ್ದಾಣದ ಮಾತು ಬಹಳ ದಿನದಿಂದ ಇದೆ. ಅದು ಆದರೂ ಅಲ್ಲಿಂದ ಸಿಂಧನೂರಿಗೆ ಇನ್ನೂ ಸುಮಾರು 90 ಕಿ.ಮೀ. ಇರುತ್ತದೆ. ಮಾನ್ವಿ ದಾಟುವಾಗ ಎದುರಿಗೆ ಭತ್ತದ ಲಾರಿಗಳು. ಡ್ರೈವರ್‌ಗೆ ‘ಸ್ವಲ್ಪ ಬೇಗ’ ಅನ್ನುವುದನ್ನೂ ಬಿಟ್ಟೆ.

ಮುಟ್ಟಿದ್ದು ಮಧ್ಯಾಹ್ನ ಒಂದೂ ಕಾಲಿಗೆ. ಮನೆಯಿಂದ ಆಸ್ಪತ್ರೆ ಬಾಗಿಲಿಗೆ ಹತ್ತು ತಾಸು ಹದಿನೈದು ನಿಮಿಷ. ತಮ್ಮ ಬೆಳಿಗ್ಗೆ ಏಳಕ್ಕೇ ಬಂದು, ಮುಖ ತೊಳೆದು, ಡಾಕ್ಟರ ಹತ್ತಿರ ಮಾತಾಡಿ, ಕಾಗದಕ್ಕೆ ಸಹಿ ಹಾಕಿ, ಅಪ್ಪನ ಕೈ ಹಿಡಿದು ಬಾಗಿಲವರೆಗೂ ಹೋಗಿಬಂದಿದ್ದ. ಟಿಕೆಟ್, ಎರಡು ಟ್ಯಾಕ್ಸಿ ಸೇರಿ ನನಗೆ ಎಷ್ಟು ಬಿತ್ತು ಅಂತ ಅಕ್ಕನಿಗೆ ಇವತ್ತಿಗೂ ಹೇಳಿಲ್ಲ.

ಈಗ ಗೆಳೆಯರು ಕೇಳಿದರೆ ಒಂದೇ ಮಾತು ಹೇಳ್ತೀನಿ: ವಿಮಾನದ ಹೊತ್ತು ನೋಡಬ್ಯಾಡ್ರಿ, ನಿಮ್ಮ ಬಾಗಿಲಿಂದ ಅವರ ಬಾಗಿಲಿಗೆ ಲೆಕ್ಕ ಹಾಕ್ರಿ.

ಸಂಜೆ ಹೊತ್ತಿಗೆ ಅಪ್ಪ ಪೂರ್ತಿ ಎಚ್ಚರಾದ. ನನ್ನ ಮುಖ ನೋಡಿದ.

“ವಿಮಾನದಾಗ ಬಂದ್ಯಂತಲ್ಲೋ?”

“ಹೂಂ ಅಪ್ಪಾ.”

“ತಿನ್ನಾಕ ಏನರ ಕೊಟ್ರೇನು?”

ಇಲ್ಲ ಅಂದೆ. ತಲೆದಿಂಬಿನ ಪಕ್ಕದಲ್ಲಿದ್ದ ಬಾಳೆಹಣ್ಣನ್ನು ನನ್ನ ಕಡೆ ಸರಿಸಿದ.