ಶಿಲ್ಪವೂ ಆಕರವೇ: ಉಲ್ಲೇಖಕ್ರಮವನ್ನು ಕುರಿತು

ಶಾಸನಗಳನ್ನು ಉಲ್ಲೇಖಿಸುವಲ್ಲಿ ಕನ್ನಡ ಸಂಶೋಧನೆಯು ಒಂದು ಶಿಸ್ತನ್ನು ರೂಢಿಸಿಕೊಂಡಿದೆ. ಸಂಪುಟ, ಊರು, ಸಂಖ್ಯೆ, ಕಾಲ, ಸಾಲು ಇವುಗಳಿಲ್ಲದ ಶಾಸನೋಲ್ಲೇಖವನ್ನು ಮಾರ್ಗದರ್ಶಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಅದೇ ಪ್ರಬಂಧದ ಮುಂದಿನ ಪುಟದಲ್ಲಿ ‘ಬಾದಾಮಿಯ ತ್ರಿವಿಕ್ರಮ’, ‘ಐಹೊಳೆಯ ಮಹಿಷಮರ್ದಿನಿ’ ಎಂಬ ಎರಡೆರಡು ಪದಗಳಲ್ಲಿ ಶಿಲ್ಪದ ಉಲ್ಲೇಖ ಮುಗಿದುಹೋಗುತ್ತದೆ. ಶಾಸನವನ್ನು ಆಕರವೆಂದೂ ಶಿಲ್ಪವನ್ನು ಅಲಂಕಾರವೆಂದೂ ಭಾವಿಸಿದ್ದರ ಫಲವಿದು. ಬಾಗಲಕೋಟೆ ಜಿಲ್ಲೆಯ ಚಾಲುಕ್ಯ ನೆಲೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ಅಲಕ್ಷ್ಯದ ಪರಿಣಾಮ ಸ್ಪಷ್ಟವಾಗುತ್ತದೆ.

ಬಾದಾಮಿಯಲ್ಲಿ ತ್ರಿವಿಕ್ರಮನ ಶಿಲ್ಪ ಒಂದಲ್ಲ, ಎರಡಿವೆ. ಎರಡನೆಯ ಗುಹೆಯಲ್ಲೊಂದು, ಮೂರನೆಯ ಗುಹೆಯಲ್ಲೊಂದು. ವರಾಹನೂ ಎರಡು ಕಡೆ ಇದ್ದಾನೆ. ಹರಿಹರನು ಒಂದನೆಯ ಹಾಗೂ ಮೂರನೆಯ ಗುಹೆಗಳಲ್ಲಿ ಕಾಣುತ್ತಾನೆ. ಇವುಗಳಲ್ಲಿ ಮೂರನೆಯ ಗುಹೆಗೆ ಮಾತ್ರ ಖಚಿತ ಕಾಲವಿದೆ. ಒಂದನೆಯ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷದ, ಶಕ 500ರ (ಕ್ರಿ.ಶ. 578) ಮಂಗಲೇಶನ ಶಾಸನ ಅಲ್ಲಿದೆ. ಉಳಿದ ಗುಹೆಗಳ ಕಾಲ ಶೈಲಿಯನ್ನು ಆಧರಿಸಿದ ಊಹೆ. ಹೀಗಿರುವಾಗ ‘ಬಾದಾಮಿಯ ತ್ರಿವಿಕ್ರಮ, ಕ್ರಿ.ಶ. 578’ ಎಂದು ಬರೆದು ಎರಡನೆಯ ಗುಹೆಯ ಚಿತ್ರವನ್ನು ಅಚ್ಚುಹಾಕಿದರೆ, ಊಹೆಯು ಶಾಸನದ ಅಧಿಕಾರವನ್ನು ಪಡೆದುಬಿಡುತ್ತದೆ. ಆ ಚಿತ್ರವನ್ನು ನಂಬಿ ವೈಷ್ಣವ ಪುರಾಣಕಥೆಗಳ ಪ್ರಸಾರವನ್ನು ನಿರ್ಣಯಿಸುವ ಮುಂದಿನ ಸಂಶೋಧಕನ ವಾದವೂ ಅಷ್ಟೇ ಸಡಿಲವಾಗುತ್ತದೆ.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. ದುರ್ಗದ ಗುಡಿಯ ಹೆಸರು ಕೋಟೆ ಎಂಬರ್ಥದ ‘ದುರ್ಗ’ದಿಂದ ಬಂದದ್ದು, ದೇವಿಯಿಂದಲ್ಲ. ಅದರ ಪ್ರದಕ್ಷಿಣಾಪಥದ ಗೂಡುಗಳಲ್ಲಿ ಮಹಿಷಮರ್ದಿನಿಯೊಡನೆ ಶಿವ, ನರಸಿಂಹ, ವರಾಹ, ಹರಿಹರರೂ ಇದ್ದಾರೆ. ‘ದುರ್ಗಾ ದೇವಾಲಯದ ಮಹಿಷಮರ್ದಿನಿ’ ಎಂದಷ್ಟೇ ಬರೆದರೆ ಓದುಗನು ಅದನ್ನು ಶಕ್ತಿಪೂಜೆಯ ಮೂಲಮೂರ್ತಿಯೆಂದು ತಿಳಿಯುವುದು ಸಹಜ. ಅದೇ ಊರಿನ ರಾವಣಫಡಿ ಗುಹೆಯಲ್ಲಿಯೂ ಮಹಿಷಮರ್ದಿನಿ ಇದ್ದಾಳೆಂಬುದನ್ನು ಮರೆಯುವಂತಿಲ್ಲ. ಲಾಡಖಾನ, ಹುಚ್ಚಿಮಲ್ಲಿ ಮುಂತಾದ ರೂಢಿಯ ಹೆಸರುಗಳನ್ನು ಬಿಡಬೇಕಾಗಿಲ್ಲ; ಅವು ರೂಢಿಯ ಹೆಸರುಗಳೆಂಬುದು ಉಲ್ಲೇಖದಲ್ಲಿ ತಿಳಿಯುವಂತಿರಬೇಕು.

ಇನ್ನು ಸ್ಥಳಾಂತರದ ಪ್ರಶ್ನೆ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛತ್ತಿನ ಫಲಕಗಳು ಇಂದು ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿವೆ. ಮಹಾಕೂಟದ ಶಾಸನಸ್ತಂಭ ವಿಜಯಪುರದ ಗೋಳಗುಮ್ಮಟದ ಸಂಗ್ರಹಾಲಯದಲ್ಲಿದೆ. ನಾಗನಾಥಕೊಳ್ಳದ ಲಜ್ಜಾಗೌರಿ ಬಾದಾಮಿಯ ಸಂಗ್ರಹಾಲಯ ಸೇರಿದ್ದಾಳೆ. ಮೂಲಸ್ಥಾನವನ್ನಷ್ಟೇ ಹೇಳಿದರೆ ಶಿಲ್ಪವನ್ನು ಹುಡುಕಿ ಹೋದವನು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಸಂಗ್ರಹಾಲಯವನ್ನಷ್ಟೇ ಹೇಳಿದರೆ ಶಿಲ್ಪಕ್ಕೂ ಗುಡಿಗೂ ಇದ್ದ ಸಂಬಂಧ ಕಡಿದುಹೋಗುತ್ತದೆ. ಎರಡನ್ನೂ, ಜೊತೆಗೆ ಸಂಗ್ರಹಾಲಯದ ದಾಖಲೆ ಸಂಖ್ಯೆಯನ್ನೂ ಕೊಡುವುದು ಅಗತ್ಯ. ಜಿಲ್ಲೆಯ ಹೆಸರಿನಲ್ಲಿಯೂ ಎಚ್ಚರ ಬೇಕು. 1997ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾಗುವ ಮುನ್ನ ಈ ಊರುಗಳೆಲ್ಲ ವಿಜಾಪುರ ಜಿಲ್ಲೆಗೆ ಸೇರಿದ್ದವು; ಹಳೆಯ ವರದಿಗಳಲ್ಲಿ ಆ ಹೆಸರೇ ಇದೆ.

ಇದಕ್ಕೆ ಪಾಶ್ಚಾತ್ಯ ಕೈಪಿಡಿಗಳನ್ನು ಅನುಸರಿಸಿದರೆ ಸಾಕೆಂಬ ಅಭಿಪ್ರಾಯವಿದೆ. ಎಂ.ಎಲ್.ಎ. ಕ್ರಮದಲ್ಲಿ ಕಲಾವಿದನ ಹೆಸರು ಮೊದಲು, ಅನಂತರ ಕೃತಿಯ ಹೆಸರು, ವರ್ಷ, ಸಂಗ್ರಹಾಲಯ. ಸಹಿಮಾಡಿದ ಚಿತ್ರಪಟಕ್ಕೆ ಈ ಕ್ರಮ ಹೊಂದುತ್ತದೆ. ಬಂಡೆಯಲ್ಲಿಯೇ ಕಡೆದು ಬಂಡೆಯಲ್ಲಿಯೇ ಉಳಿದ ಶಿಲ್ಪಕ್ಕೆ ಹೊಂದುವುದಿಲ್ಲ. ಅಂಥ ಶಿಲ್ಪದ ಗುರುತು ಇರುವುದು ಅದರ ನೆಲೆಯಲ್ಲಿ. ಆದ್ದರಿಂದ ಶಾಸನಗಳಲ್ಲಿ ರೂಢಿಯಲ್ಲಿರುವಂತೆ ಊರನ್ನು ಮೊದಲಿಡುವ ಕ್ರಮವೇ ಕನ್ನಡಕ್ಕೆ ಯುಕ್ತವಾದುದು. ಹಾಗೆಂದು ಶಿಲ್ಪಿಯನ್ನು ಮರೆಯುವಂತಿಲ್ಲ. ಪಟ್ಟದಕಲ್ಲಿನ ದೇವಾಲಯಗಳಲ್ಲಿ ಚೆಂಗಮ್ಮ, ಪುಲ್ಲಪ್ಪ, ಬಲದೇವ ಮೊದಲಾದ ಶಿಲ್ಪಿಗಳ ಹೆಸರುಗಳು ಕೆತ್ತಲ್ಪಟ್ಟಿವೆ. ಅವುಗಳನ್ನು ಪರಿಶೀಲಿಸದೆ ಅಭ್ಯಾಸಬಲದಿಂದ ‘ಅಜ್ಞಾತ ಶಿಲ್ಪಿ’ ಎಂದು ಬರೆಯುವುದು ಇರುವ ದಾಖಲೆಯನ್ನು ಅಳಿಸಿದಂತೆಯೇ ಸರಿ.

ಈ ಹಿನ್ನೆಲೆಯಲ್ಲಿ ಉಲ್ಲೇಖವು ಹೀಗಿರಬಹುದು: ಬಾದಾಮಿ (ತಾ. ಬಾದಾಮಿ, ಜಿ. ಬಾಗಲಕೋಟೆ), ಮೂರನೆಯ ಗುಹೆ, ಮುಖಮಂಟಪ, ತ್ರಿವಿಕ್ರಮ, ಉಬ್ಬುಶಿಲ್ಪ, ಮರಳುಗಲ್ಲು, ಕ್ರಿ.ಶ. 578 (ಗುಹೆಯ ಶಾಸನದ ಆಧಾರ), ಮೂಲಸ್ಥಾನದಲ್ಲಿದೆ. ಕಾಲದೊಂದಿಗೆ ಅದರ ಆಧಾರವನ್ನು ಹೇಳುವುದು ಇಲ್ಲಿ ಮುಖ್ಯ. ಕಲ್ಲಿನ ಜಾತಿಯೂ ಅಷ್ಟೇ ಮುಖ್ಯ. ಬಾದಾಮಿ ಐಹೊಳೆಗಳದು ಮರಳುಗಲ್ಲು, ಇಳಕಲ್ಲಿನದು ಕೆಂಪು ಗ್ರಾನೈಟು. ಒಂದೇ ಜಿಲ್ಲೆಯಲ್ಲಿ ‘ಸ್ಥಳೀಯ ಶಿಲೆ’ ಎಂಬ ಮಾತಿಗೆ ನಿಶ್ಚಿತಾರ್ಥವಿಲ್ಲ. ಎಡ ಬಲಗಳನ್ನು ಹೇಳುವಾಗ ಅವು ಮೂರ್ತಿಯವೋ ನೋಡುವವನವೋ ಎಂಬುದನ್ನು ಸ್ಪಷ್ಟಪಡಿಸಬೇಕು. ಪೂರ್ಣ ವಿವರ ಮೊದಲ ಉಲ್ಲೇಖದಲ್ಲಿ ಬಂದರೆ ಸಾಕು. ಮುಂದೆ ‘ಬಾದಾಮಿ 3, ತ್ರಿವಿಕ್ರಮ’ ಎಂಬ ಸಂಕ್ಷೇಪ ಸಾಲುತ್ತದೆ. ಆದ್ದರಿಂದ ಅಡಿಟಿಪ್ಪಣಿಗಳು ಬೆಳೆಯುತ್ತವೆಂಬ ಆಕ್ಷೇಪಣೆಗೆ ಹೆಚ್ಚಿನ ಬಲವಿಲ್ಲ.

ಛಾಯಾಚಿತ್ರವು ಶಿಲ್ಪವಲ್ಲ, ಇನ್ನೊಂದು ಆಕರ. 1855ರಲ್ಲಿ ಬಿಗ್ಸ್ ಈ ನೆಲೆಗಳಲ್ಲಿ ತೆಗೆದ ಚಿತ್ರಗಳು 1866ರ ಗ್ರಂಥದಲ್ಲಿ ಪ್ರಕಟವಾದವು. ಅವು ತೋರಿಸುವುದು ಅಂದಿನ ಸ್ಥಿತಿಯನ್ನು, ಇಂದಿನದನ್ನಲ್ಲ. ಚಿತ್ರ ತೆಗೆದವರು ಯಾರು, ಯಾವ ವರ್ಷ, ಎಲ್ಲಿಂದ ಪಡೆದದ್ದು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕು. ಶಿಲ್ಪವನ್ನು ಸ್ವತಃ ನೋಡದೆ ಚಿತ್ರವನ್ನಷ್ಟೇ ನೋಡಿ ಬರೆದಿದ್ದರೆ ಅದನ್ನು ಒಪ್ಪಿಕೊಳ್ಳುವುದು ಸಂಶೋಧಕನ ಪ್ರಾಮಾಣಿಕತೆಗೆ ಸೇರಿದ ವಿಷಯ.

ಜಾನಪದ ಅಧ್ಯಯನಕ್ಕೂ ಈ ಮಾತು ಅನ್ವಯಿಸುತ್ತದೆ. ‘ಇಳಕಲ್ಲ ಸೀರೆ’ ಎಂದರೆ ಒಂದು ವರ್ಗದ ಹೆಸರು. ಚರ್ಚೆಗೆ ಎತ್ತಿಕೊಂಡ ಸೀರೆಯ ದಡಿ, ಸೆರಗು, ನೂಲು, ನೇಯ್ದ ಕಾಲ, ಅದು ಯಾರ ಸಂಗ್ರಹದಲ್ಲಿದೆ ಎಂಬ ವಿವರಗಳಿದ್ದಾಗಲೇ ಅದು ಪ್ರಮಾಣವಾಗುತ್ತದೆ. ನೇಕಾರರು ಒಪ್ಪಿದಲ್ಲಿ ಅವರ ಹೆಸರೂ ಸೇರಬೇಕು.

ಉಲ್ಲೇಖದ ಪರಮೋದ್ದೇಶ ಓದುಗನನ್ನು ಆಕರದ ಎದುರು ನಿಲ್ಲಿಸುವುದು. ಶಾಸನದ ವಿಷಯದಲ್ಲಿ ಕನ್ನಡ ವಿದ್ವತ್ತು ಇದನ್ನು ಸಾಧಿಸಿ ತೋರಿಸಿದೆ. ವಿಭಾಗಗಳು ತಮ್ಮ ಪ್ರಬಂಧ ನಿಯಮಾವಳಿಯಲ್ಲಿ ಶಿಲ್ಪೋಲ್ಲೇಖಕ್ಕೆ ಅರ್ಧ ಪುಟವನ್ನು ಮೀಸಲಿಟ್ಟರೆ ಆ ಶಿಸ್ತು ಕಲ್ಲಿನ ಮೂರ್ತಿಗೂ ವಿಸ್ತರಿಸುತ್ತದೆ. ಒಂದೇ ಬಂಡೆಯ ಮೇಲಿರುವ ಅಕ್ಷರಕ್ಕೊಂದು ನ್ಯಾಯ, ಆಕೃತಿಗೊಂದು ನ್ಯಾಯ ಇರಲಾಗದು.